ಜಯವ್ವನ ಹನ್ನೊಂದು ಲಕ್ಷ

ನಾಗಪುರದ ಇತವಾರಿಯಲ್ಲಿ ಚನ್ನಪ್ಪನ ಮೆಣಸಿನಕಾಯಿ ಅಂಗಡಿಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಅವನ ಅಪ್ಪ ಬ್ಯಾಡಗಿಯಿಂದ ನಾಲ್ಕು ಚೀಲ ಮೆಣಸಿನಕಾಯಿ ತಂದು ಇಲ್ಲಿ ಅಂಗಡಿ ಹಾಕಿದವರು. ಹಾಕಿದ ಏಳನೆಯ ವರ್ಷಕ್ಕೆ ತೀರಿಕೊಂಡರು. ಅಲ್ಲಿಂದ ಮುಂದೆ ಮೂವತ್ತು ವರ್ಷ ಅಂಗಡಿ ನಡೆಸಿದವಳು ತಾಯಿ ಜಯವ್ವ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಆಕೆಗೆ ಬೆನ್ನು ತಿರುಗಿಸಿ ಕೂತಲ್ಲೇ ಗೊತ್ತಾಗುತ್ತಿತ್ತು ಎಂದು ಹಮಾಲರು ಹೇಳುತ್ತಾರೆ. ರಿಕ್ಷಾದವನು ಹದಿನೈದು ರೂಪಾಯಿ ಕೇಳಿದರೆ ಹತ್ತು ರೂಪಾಯಿಯಷ್ಟು ದೂರ ಹೋಗಿ, ಇಳಿದು, ಉಳಿದದ್ದನ್ನು ನಡೆಯುವಾಕೆ.

ಇಂಥ ಜಯವ್ವ ಅರವತ್ತಾರನೆಯ ವಯಸ್ಸಿನಲ್ಲಿ ವಿದೇಶ ಪ್ರವಾಸಕ್ಕೆ ಹೊರಟಳು. ಕಾರಣ ಸರಳ. ಓಣಿಯ ವ್ಯಾಪಾರಿಗಳ ಮನೆಯ ಹದಿನೈದು ಹೆಂಗಸರು ಕೂಡಿ ಸಿಂಗಾಪುರ ಮತ್ತು ಬಾಲಿಗೆ ಹೊರಟಿದ್ದರು. ಹದಿನೈದು ಜನರಾದರೆ ಒಬ್ಬರಿಗೆ ಪುಕ್ಕಟೆ ಎಂದು ಪ್ರವಾಸದ ಕಂಪನಿ ಹೇಳಿತ್ತು. ಚೀಟಿ ಎತ್ತಿದಾಗ ಜಯವ್ವನ ಹೆಸರು ಬಂತು. ಪುಕ್ಕಟೆ ಬಂದದ್ದನ್ನು ಬಿಡುವುದು ಆಕೆಯ ಧರ್ಮದಲ್ಲಿ ಇರಲಿಲ್ಲ.

ಟಿಕೆಟ್ಟು, ವಸತಿ ಎಲ್ಲ ಪುಕ್ಕಟೆಯಾದರೂ ಮಧ್ಯಾಹ್ನದ ಊಟ, ಕೈಖರ್ಚು ಅವರವರದೇ. ಹಿಂದಿನ ಕಾಲದವರು ನೋಟುಗಳನ್ನು ಒಳಜೇಬಿಗೆ ಹೊಲಿಸಿಕೊಂಡು ಹೋಗುತ್ತಿದ್ದರು. ಚನ್ನಪ್ಪನಿಗೆ ಅದು ಅವಮಾನವೆನಿಸಿತು. ಓಣಿಯಲ್ಲಿ ಮೊದಲು ಮೊಬೈಲ್ ತಂದವನು ಅವನು, ಮೊದಲು ಕಂಪ್ಯೂಟರ್ ತಂದವನೂ ಅವನೇ. ಖಾರದ ಧೂಳು ಕೂರಬಾರದೆಂದು ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ, ಆ ಮಾತು ಬೇರೆ. ಅವನು ನೇರ ಗಾಂಧಿಬಾಗಿನ ಬ್ಯಾಂಕಿಗೆ ಹೋಗಿ, ಯಾವ ದೇಶದಲ್ಲಾದರೂ ನಡೆಯುವ ಕಾರ್ಡು ಬೇಕೆಂದು ಕೇಳಿದ.

ವಿದೇಶಿ ವಿನಿಮಯದ ಮೇಜಿನಲ್ಲಿದ್ದ ಚಾರುಲತಾ ಎಂಬ ಹುಡುಗಿ ಹಿಂದಿ, ಮರಾಠಿ ಎರಡನ್ನೂ ಕಲೆಸಿ ತಾಳ್ಮೆಯಿಂದ ವಿವರಿಸಿದಳು. ಒಂದೇ ಕಾರ್ಡಿನಲ್ಲಿ ಸಿಂಗಾಪುರದ ಡಾಲರ್ ಬೇರೆ, ಅಮೆರಿಕದ ಡಾಲರ್ ಬೇರೆ ತುಂಬಿಡಬಹುದು. ಬಾಲಿಗೆ ಹೋದಾಗ ಅಮೆರಿಕದ ಡಾಲರಿನಿಂದ ಕಡಿತವಾಗುತ್ತದೆ. ಮೊದಲೇ ತುಂಬಿದಷ್ಟೇ ಖರ್ಚಾಗುತ್ತದೆ, ಅದರ ಮೇಲೆ ಒಂದು ಪೈಸೆ ಹೋಗುವುದಿಲ್ಲ. ಖರ್ಚಾದಾಗಲೆಲ್ಲ ಮೊಬೈಲಿಗೆ ಮೆಸೇಜು ಬರುತ್ತದೆ. ಲಕೋಟೆಯಲ್ಲಿ ಎರಡು ಕಾರ್ಡುಗಳಿವೆ. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಎರಡನ್ನೂ ಆಜಿಯವರ, ಅಂದರೆ ಅಜ್ಜಿಯವರ, ಕೈಗೇ ಕೊಡಿ. ಆಕೆ ಹೇಳಿದ ಹತ್ತು ಮಾತಿನಲ್ಲಿ ಒಂಬತ್ತು ಚನ್ನಪ್ಪನ ಕಿವಿಯ ಪಕ್ಕದಿಂದ ಹಾದುಹೋದವು. ಒಳಗೆ ಹೊಕ್ಕಿದ್ದು ಒಂದೇ: ‘ಲೆಕ್ಕ ಹಾಕುವ ತಲೆನೋವು ನಿಮಗಿಲ್ಲ ಸರ್, ಎಲ್ಲ ಕಾರ್ಡೇ ನೋಡಿಕೊಳ್ಳುತ್ತದೆ.’

ಇದರಿಂದ ಚನ್ನಪ್ಪ ತಿಳಿದುಕೊಂಡದ್ದು ಏನೆಂದರೆ, ಮೆಸೇಜಿನಲ್ಲಿ ಬರುವ ಅಂಕಿ ಈಗಾಗಲೇ ರೂಪಾಯಿಗೆ ಇಳಿದಿರುತ್ತದೆ ಎಂದು. ಈ ಒಂದು ತಿಳಿವಳಿಕೆ ಅವನ ಮನೆಗೆ ಏನೇನು ತಂದಿತೆಂಬುದೇ ಮುಂದಿನ ಕಥೆ.

ಜಯವ್ವನಿಗೆ ಮೊಬೈಲ್ ಇರಲಿಲ್ಲವಾದ್ದರಿಂದ ಅರ್ಜಿಯಲ್ಲಿ ತನ್ನ ನಂಬರನ್ನೇ ಬರೆದ. ಎರಡೂ ಕಾರ್ಡು ಒಂದೇ ಕಡೆ ಇದ್ದರೆ ಎರಡೂ ಒಟ್ಟಿಗೆ ಕಳೆದಾವೆಂದು, ಮಹಾ ಜಾಣತನದಿಂದ, ಒಂದನ್ನು ತಿಜೋರಿಯಲ್ಲಿಟ್ಟ. ಇನ್ನೊಂದನ್ನು ಹೊರಡುವ ದಿನ ತಾಯಿಯ ಕೈಗೆ ಕೊಟ್ಟ.

ಜಯವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದರಾಗ ರೊಕ್ಕ ಎಲ್ಲೈತೋ?”

“ಒಳಗ ಐತಿ ಯವ್ವಾ.”

“ತಗದು ಎಣಿಸಿ ತೋರ್ಸು.”

ಎಣಿಸಿ ತೋರಿಸುವುದು ಆಗಲಿಲ್ಲ. ಸೊಸೆ ಕೀರ್ತಿ ಅತ್ತೆಯನ್ನು ಕೂರಿಸಿಕೊಂಡು ಯಂತ್ರದಲ್ಲಿ ಒತ್ತುವ ನಾಲ್ಕು ಅಂಕಿಗಳನ್ನು ಬಾಯಿಪಾಠ ಮಾಡಿಸಿದಳು. ಜಯವ್ವ ಹೊರಟಳು.

ಮೂರು ದಿನ ಸಿಂಗಾಪುರ. ಮೊದಲ ಮೆಸೇಜು ಮಧ್ಯಾಹ್ನ ಬಂತು. ಇಂಗ್ಲಿಷಿನಲ್ಲಿ ಎಸ್‌ಜಿಡಿ ಎಂಬ ಮೂರು ಅಕ್ಷರ, ಮುಂದೆ ಆರೂವರೆ, ಮುಂದೆ ಯಾವುದೋ ಊಟದ ಮನೆಯ ಹೆಸರು. ಚನ್ನಪ್ಪ ಗಲ್ಲೆಯಿಂದ ಎದ್ದು ನಿಂತ.

“ನೋಡ್ರಿ, ನಮ್ಮವ್ವ ಸಿಂಗಾಪುರದಾಗ ಆರೂವರಿ ರೂಪಾಯಿಗೆ ಊಟಾ ಮಾಡ್ಯಾಳ! ಇಲ್ಲಿ ಚೌಕಿನ ಪೋಹಾದವ ಒಂದ್ ಪ್ಲೇಟಿಗೆ ಹತ್ತ ತಗೋತಾನ!”

ಸಂಜೆಯ ಹೊತ್ತಿಗೆ ಟ್ಯಾಕ್ಸಿಗೆ ಒಂಬತ್ತು, ಮರುದಿನ ಒಂದು ಛತ್ರಿಗೆ ಹನ್ನೆರಡು. ಚನ್ನಪ್ಪ ಮೊಬೈಲನ್ನು ಅಂಗಡಿಯಿಂದ ಅಂಗಡಿಗೆ ಒಯ್ದು ತೋರಿಸಿದ. ಬೇಳೆ ವ್ಯಾಪಾರಿಗಳಿಬ್ಬರು ತಮ್ಮ ತಾಯಂದಿರನ್ನೂ ಕಳಿಸುವ ವಿಚಾರ ಮಾಡಿ ಪ್ರವಾಸದ ಕಂಪನಿಯ ವಿಳಾಸ ಬರೆದುಕೊಂಡರು. ಹಳೆಯ ದಲ್ಲಾಳಿಯೊಬ್ಬ, ಬಾರಾ ರೂಪಾಯಿಗೆ, ಬರೀ ಹನ್ನೆರಡಕ್ಕೆ, ಛತ್ರಿ ಮಾರುವ ದೇಶದಲ್ಲಿ ವ್ಯಾಪಾರ ಉಳಿಯುವುದಿಲ್ಲ ಎಂದು ಸಿಂಗಾಪುರದ ಬಗ್ಗೆ ಮರುಕಪಟ್ಟ.

“ಎಸ್‌ಜಿಡಿ ಅಂದ್ರ ಏನ್ರಿ?” ಎಂದು ಕೀರ್ತಿ ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದಳು.

“ಸಿಂಗಾಪುರ. ಮತ್ತೇನು?”

“ಅದು ಡಾಲರ್ ಇರಬಹುದಲ್ರಿ? ಹೆಸರು ಹಂಗ ಅನಸ್ತೈತಿ.”

“ಲೆಕ್ಕಾ ಎಲ್ಲಾ ಕಾರ್ಡ ಮಾಡತೈತಿ ಅಂತ ಬ್ಯಾಂಕಿನಾಕಿ ಸ್ವತಾ ಹೇಳ್ಯಾಳ. ನೀ ಆಕಿಗಿಂತ ಹೆಚ್ಚೇನು?”

ಕೀರ್ತಿ ಇನ್ನೊಂದು ರೊಟ್ಟಿ ಹಾಕಿ ಸುಮ್ಮನಾದಳು. ಗಂಡ ತಾನಾಗಿ ತಿಳಿಯಲಿ ಎಂದು ಸುಮ್ಮನಾಗುವುದು ಆಕೆಗೆ ಹದಿನಾಲ್ಕು ವರ್ಷದ ರೂಢಿ.

ನಾಲ್ಕನೆಯ ದಿನ ಹೆಂಗಸರು ಬಾಲಿಗೆ ಹೋದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೊಬೈಲ್ ಸದ್ದು ಮಾಡಿತು. ಚನ್ನಪ್ಪ ನಗುತ್ತ ತೆಗೆದ. ಐಡಿಆರ್, ನಾಲ್ಕು ಲಕ್ಷ ಇಪ್ಪತ್ತು ಸಾವಿರ, ಯಾವುದೋ ಬಟ್ಟೆಯಂಗಡಿ. ಅವನು ಸೊನ್ನೆಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಣಿಸಿದ, ಬಲದಿಂದ ಎಡಕ್ಕೆ ಎಣಿಸಿದ. ಎರಡು ಕಡೆಯಿಂದಲೂ ಅಷ್ಟೇ ಇದ್ದವು.

ಅಂಗಡಿಯ ಮೇಲೆಯೇ ಮನೆ. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪಕ್ಕದ ಮನೆಯ ಕಾಶಿಬಾಯಿ ಬಾಗಿಲಲ್ಲಿ ನಿಂತಿದ್ದಳು. ಮರಾಠಿಯಾಕೆಯಾದರೂ ಇಪ್ಪತ್ತು ವರ್ಷ ಜಯವ್ವನ ಬೈಗುಳ ಕೇಳಿ ಕೇಳಿ ಕನ್ನಡ ಕಲಿತವಳು. ಸೀರೆಯ ವಿಷಯದಲ್ಲಿ ಓಣಿಗೆ ಆಕೆಯ ಮಾತೇ ಕಡೆಯದು.

“ನಾಕ್ ಲಾಖಾಚಿ ಸೀರಿ?” ಎಂದು ಕಾಶಿಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬಂಗಾರದ ಜರೀ ಪೈಠಣಿ ಸೀರಿ ಭೀ ಲಾಖ್ ದೀಡ್ ಲಾಖ್. ಇದು ಸೀರಿ ನಾಹೀ ಚನ್ನಪ್ಪಾ, ಇದು ಗಿರಣೀನ ತಗೊಂಡಾಳ!”

ಕೂಡಲೇ ಕೋರಾಡಿಗೆ ಫೋನ್ ಹೋಯಿತು. ಅಲ್ಲಿದ್ದವನು ಜಯವ್ವನ ತಮ್ಮ, ಚನ್ನಪ್ಪನ ಸೋದರಮಾವ ರುದ್ರಪ್ಪ. ವಿದ್ಯುತ್ ಕೇಂದ್ರದಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. ತಾನು ಕೈಯಾಡಿಸದ ವಿಷಯಗಳ ಬಗ್ಗೆ ಅವನಿಗೆ ಅಪಾರ ಜ್ಞಾನವಿತ್ತು. ಅವನು ಸಿಕ್ಕ ಬಸ್ಸು ಹತ್ತಿ ಬಂದು ಕೂತು, ನೀರು ಕುಡಿಯುವುದಕ್ಕೂ ಮೊದಲೇ ಎರಡನೆಯ ಮೆಸೇಜು ಬಂತು. ಎರಡು ಲಕ್ಷ ಎಪ್ಪತ್ತೈದು ಸಾವಿರ. ರತ್ನಾ ಸ್ಪಾ.

“ಸ್ಪಾ ಅಂದ್ರ ಏನು?” ಎಂದ ರುದ್ರಪ್ಪ.

ಕಾಶಿಬಾಯಿ ದನಿ ತಗ್ಗಿಸಿದಳು. “ಮಾಲಿಶ್. ಎಣ್ಣಿ ಹಚ್ಚಿ ತಿಕ್ಕತಾರ. ದೊಡ್ಡ ದೊಡ್ಡ ಮಂದಿ ಹೋಗತಾರ.”

“ಮಾಲಿಶಿಗೆ ಪೌಣೇತೀನ್ ಲಕ್ಷ!” ರುದ್ರಪ್ಪ ತಂಬಿಗೆ ಕೆಳಗಿಟ್ಟ. “ಅಷ್ಟ್ರಾಗ ಅಕ್ಕನ ಎರಡೂ ಮೊಣಕಾಲು ಹೊಸಾವ ಹಾಕಸಬಹುದಿತ್ತಲ್ಲೋ! ಹಳೇ ಮೊಣಕಾಲು ತಿಕ್ಕಾಕ ಯಾರರ ಇಷ್ಟ ಕೊಡ್ತಾರೇನು?”

ಕೀರ್ತಿ ಒಳಗಿನಿಂದ ಬಂದಳು. “ಮಾವಾರ, ಕಾರ್ಡಿಗೆ ಹಾಕಿದ್ದ ಒಟ್ಟ ಮೂವತ್ತು ಸಾವಿರಕ್ಕ ಸ್ವಲ್ಪ ಕಡಿಮಿ. ಅದರಾಗಿಂದ ಏಳು ಲಕ್ಷ ಹೆಂಗ ಹೋಗತೈತಿ? ಇದು ಪ್ರೀಪೇಡ್. ಮತ್ತ ಈ ಅಕ್ಷರ ನೋಡ್ರಿ, ಐಡಿಆರ್ ಅಂತೈತಿ. ನಮ್ಮ ರೂಪಾಯಿ ಐಎನ್ಆರ್.”

ರುದ್ರಪ್ಪ ಕನ್ನಡಕ ಹಾಕಿಕೊಂಡು ನೋಡಿದ. “ಐ ಬರೋಬರ್ ಐತಿ, ಆರ್ ಬರೋಬರ್ ಐತಿ. ನಡುವಿನ ಒಂದ್ ಅಕ್ಷರಕ್ಕ ಯಾಕ ತಕರಾರು ತಗೀತಿ ತಂಗೀ? ಟೈಪ್ ಮಾಡೋವಾಗ ಬೆರಳು ಜಾರಿರತೈತಿ. ಇನ್ನ ಪ್ರೀಪೇಡ್ ಅಂದ್ಯಲ್ಲ, ಕೇಳು. ನಮ್ಮ ಡಿಪಾರ್ಟಮೆಂಟಿನಾಗ ಒಬ್ಬವ ಕಾರ್ಡ್ ತಗೊಂಡಿದ್ದ. ಮೊದಲ ವರ್ಷ ಬ್ಯಾಂಕಿನವರು ಹೂವಿನ ಗುಚ್ಛ ಕಳಿಸಿದ್ರು, ಎರಡನೇ ವರ್ಷ ಗೂಂಡಾಗಳನ್ನ ಕಳಿಸಿದ್ರು. ಕಾರ್ಡ್ ಅಂದ್ರ ಕಾರ್ಡ್. ಮೊದಲ ಉದ್ದರಿ ಕೊಡತಾರ, ಆಮ್ಯಾಲ ಮನಿಗೆ ಬೀಗ ಜಡೀತಾರ.”

ಚನ್ನಪ್ಪ ಕೂತಲ್ಲೇ ಮನೆಯ ಗೋಡೆಗಳನ್ನು ಒಂದೊಂದಾಗಿ ನೋಡಿದ.

ಪ್ರವಾಸದ ಮ್ಯಾನೇಜರನಿಗೆ ಫೋನ್ ಮಾಡಿದರೆ ಬಂದ್. ಕಂಪನಿಯ ಸೀತಾಬರ್ಡಿ ಕಚೇರಿಗೆ ಮಾಡಿದರೆ, ಹಿಂದಿನ ರಾತ್ರಿ ಮ್ಯಾನೇಜರ್ ಹೋಟೆಲಿನಿಂದ ಮಾತಾಡಿದ್ದನೆಂದೂ, ಎಲ್ಲ ಕ್ಷೇಮವೆಂದೂ ಹೇಳಿದರು. “ತುಮಚ್ಯಾ ಆಜೀ ತರ್ ಖೂಪ್ ಮಜೇತ್ ಆಹೇತ್,” ಎಂದು ಫೋನಿನವಳು ನಕ್ಕಳು. ನಿಮ್ಮ ಆಜಿಯಂತೂ ಬಹಳ ಮಜಾ ಮಾಡುತ್ತಿದ್ದಾರೆ ಎಂಬ ಈ ಮಾತು ಚನ್ನಪ್ಪನ ಎದೆಗೆ ಭರ್ಜಿಯಂತೆ ನಾಟಿತು.

ನಾಲ್ಕು ಗಂಟೆಗೆ ಮೂರನೆಯ ಮೆಸೇಜು. ನಾಲ್ಕು ಲಕ್ಷ ಹತ್ತು ಸಾವಿರ. ದೇವಿ ಚಿನ್ನ ಬೆಳ್ಳಿ ಅಂಗಡಿ. ಕೂಡಿಸಿದಾಗ ಹನ್ನೊಂದು ಲಕ್ಷದ ಐದು ಸಾವಿರ.

ಸುದ್ದಿ ಹುಬ್ಬಳ್ಳಿಯಲ್ಲಿದ್ದ ತಂಗಿ ಲೀಲಾಳಿಗೆ ತಲುಪಲು ಹತ್ತು ನಿಮಿಷ ಸಾಕಾಯಿತು. ಆಕೆ ಫೋನಿನಲ್ಲಿ ಸಾಲದ ಮಾತು ಎತ್ತಲಿಲ್ಲ. “ಅಣ್ಣಾ, ಬಂಗಾರ ಯಾರಿಗಂತ ತಗೊಂಡಾಳ ಅವ್ವ? ನನಗೂ ಎರಡು ಹೆಣ್ಮಕ್ಕಳದಾವ. ಕೀರ್ತಿಗೊಬ್ಬಾಕಿಗೇ ತಂದ್ರ ನಾ ಬರೋಬರ್ ಅನ್ನೂದಿಲ್ಲ,” ಎಂದಳು.

ಓಣಿಯಲ್ಲೂ ಮಾತು ಹಬ್ಬಿತು. ನಲವತ್ತು ಚೀಲ ಸರಕು ಉದ್ದರಿ ಕೊಟ್ಟಿದ್ದ ದಲ್ಲಾಳಿ ಸುಮ್ಮನೆ ಬಂದು ಕೂತು, ಎರಡು ಚಹಾ ಕುಡಿದು, ಗೋದಾಮು ಯಾರ ಹೆಸರಿನಲ್ಲಿದೆ ಎಂದು ಬಹಳ ಪ್ರೀತಿಯಿಂದ ವಿಚಾರಿಸಿ ಹೋದ.

“ಇನ್ನ ನಾಕ್ ದಿನಾ ಅದಾಳ ಆಕಿ ಅಲ್ಲಿ,” ಎಂದ ರುದ್ರಪ್ಪ. “ದಿನಕ್ಕ ಹನ್ನೊಂದ್ ಲಕ್ಷ ಅಂದ್ರ ಲೆಕ್ಕಾ ಹಾಕು. ಕಾರ್ಡ್ ಬಂದ್ ಮಾಡಸು. ಈಗಿಂದೀಗ.”

ಬ್ಯಾಂಕಿನ ಸಹಾಯವಾಣಿಗೆ ಹಚ್ಚಿದರು. ಸಂಗೀತ ಕೇಳಿ, ಹಿಂದಿಗಾಗಿ ಎರಡು ಒತ್ತಿ, ಮತ್ತೆ ಸಂಗೀತ ಕೇಳಿದ ಮೇಲೆ ಒಬ್ಬ ಯುವಕ ಸಿಕ್ಕ. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕು, ಬೇರೆಯವರು ಹೇಳಿದರೆ ಬಂದ್ ಮಾಡಲಾಗುವುದಿಲ್ಲ ಎಂದ. ಚನ್ನಪ್ಪ ಫೋನಿನ ಮೇಲೆ ಕೈ ಮುಚ್ಚಿ ಕೀರ್ತಿಯನ್ನು ನೋಡಿದ. ಕೀರ್ತಿ, “ನಾ ಅತ್ತಿಯವರ ಹೆಸರಿನ್ಯಾಗ ಸುಳ್ಳು ಹೇಳಾಂಗಿಲ್ಲ,” ಎಂದು ಅಡುಗೆಮನೆಗೆ ಹೋದಳು. ಕಾಶಿಬಾಯಿಗೆ ಒಮ್ಮೆಲೇ ಹಾಲು ಉಕ್ಕುವ ನೆನಪಾಯಿತು.

ಉಳಿದವನು ಚನ್ನಪ್ಪನೇ. ಅವನು ಗಂಟಲು ಹಿಂಡಿ, ತಲೆಯ ಮೇಲೆ ಟವೆಲಿನ ಸೆರಗು ಹೊದ್ದುಕೊಂಡ. ಫೋನಿನಲ್ಲಿ ಸೆರಗು ಕಾಣುವುದಿಲ್ಲ, ಆದರೂ ಹೊದ್ದುಕೊಂಡ.

“ಹಲೋ ಬೇಟಾ, ಮೈಂ ಜಯವ್ವಾ ಬೋಲ್ತೀ.”

ಯುವಕ ಹುಟ್ಟಿದ ತಾರೀಖು ಕೇಳಿದ. ಲಕೋಟೆಯ ಮೇಲಿತ್ತು, ಹೇಳಿದ. ತಾಯಿಯ ಹೆಸರು ಕೇಳಿದ. ಚನ್ನಪ್ಪನಿಗೆ ಅಜ್ಜಿಯ ಹೆಸರು ಗೊತ್ತಿರಲಿಲ್ಲ. ಅಜ್ಜಿಯನ್ನು ಅಜ್ಜಿ ಎಂದೇ ಕರೆದು ರೂಢಿ. ರುದ್ರಪ್ಪ ತನ್ನ ತಾಯಿಯ ಹೆಸರನ್ನು ಕಿವಿಯಲ್ಲಿ ಊದಿದ: “ಯಲ್ಲಮ್ಮ.”

“ಅಬ್ ಆಪ್ ಕಹಾಂ ಹೈಂ, ಮಾತಾಜೀ?”

“ಇತವಾ...” ಎಂದ ಚನ್ನಪ್ಪ. ರುದ್ರಪ್ಪ ತೊಡೆ ಚಿವುಟಿದ. “ಬಾಲೀ! ಬಾಲೀ ಮೇಂ!”

ಅಷ್ಟರಲ್ಲಿ ಕೆಳಗೆ ಅಂಗಡಿಯ ಮುಂದೆ, ಹತ್ತು ಚೀಲ ಹೇರಿದ ಕೈಗಾಡಿ ತಳ್ಳುತ್ತ ಹಮಾಲ ಶಾಮ ಬಂದ. ಇತವಾರಿಯಲ್ಲಿ ಅವನ ಗಂಟಲಿಗೆ ಟೆಂಪೋದ ಹಾರ್ನೂ ಸಾಟಿಯಲ್ಲ. “ಬಾಜೂ ವ್ಹಾ! ಮಿರ್ಚೀ ಆಲೀ, ಮಿರ್ಚೀ! ಬಾಜೂ!” ಎಂದು ದಾರಿ ಬಿಡಿಸುತ್ತ ಕೂಗಿದ. ಅವನ ಹಿಂದೆಯೇ ಮೆಣಸಿನಕಾಯಿಯ ಘಾಟು ಮೆಟ್ಟಿಲು ಹತ್ತಿ ಬಂತು. ಚನ್ನಪ್ಪ ಐದು ಸಲ ಸೀನಿದ. ಐದರಲ್ಲಿ ಮೂರು ಗಂಡಸಿನ ಸೀನುಗಳಾದವು.

“ಮಾತಾಜೀ, ತಬಿಯತ್ ಠೀಕ್ ಹೈ?”

“ಬಾಲೀ ಮೇಂ ಬಹುತ್ ಥಂಡೀ,” ಎಂದು ಚನ್ನಪ್ಪ ಅಳುದನಿಯಲ್ಲಿ ಹೇಳಿದ. “ಜಲ್ದೀ ಬಂದ್ ಕರೋ ಬೇಟಾ. ಮೇರಾ ಲಡ್ಕಾ ಗರೀಬ್ ಹೈ. ಬಹುತ್ ಸೀದಾ ಹೈ. ಮೈಂ ಉಸ್ಕೋ ಬಹುತ್ ತ್ರಾಸ್ ದಿಯಾ.”

ಕಾರ್ಡು ಬಂದ್ ಆಯಿತು. ಚನ್ನಪ್ಪ ಟವೆಲು ತೆಗೆದು ಬೆವರು ಒರೆಸಿಕೊಂಡ.

ಮರುದಿನ ಮಧ್ಯಾಹ್ನ ಮತ್ತೊಂದು ಮೆಸೇಜು ಬಂತು. ಯಾವುದೋ ಊಟದ ಮನೆಯಲ್ಲಿ ಮೂವತ್ತೆಂಟು ಸಾವಿರ, ವ್ಯವಹಾರ ತಿರಸ್ಕೃತ. ಚನ್ನಪ್ಪ ಚಪ್ಪಾಳೆ ತಟ್ಟಿದ. “ಮಾವಾ, ಮೂವತ್ತೆಂಟ್ ಸಾವಿರ ಉಳೀತು!” ತಿಜೋರಿಯಲ್ಲಿದ್ದ ಕಾರ್ಡನ್ನೂ ಜೇಬಿಗೆ ಹಾಕಿಕೊಂಡು ಇಬ್ಬರೂ ಗೆದ್ದವರಂತೆ ಗಾಂಧಿಬಾಗಿನ ಬ್ಯಾಂಕಿಗೆ ಹೋದರು. ಹೋದ ಹನ್ನೊಂದು ಲಕ್ಷಕ್ಕೆ ಕಂತು ಮಾಡಿಕೊಡುತ್ತಾರೋ ಎಂದು ಕೇಳುವುದಿತ್ತು.

ಚಾರುಲತಾ ಮೊಬೈಲ್ ತೆಗೆದುಕೊಂಡು ಒಂದೊಂದೇ ಮೆಸೇಜು ಓದಿದಳು. ಆಕೆಯ ತುಟಿ ಒಂದೆರಡು ಸಲ ಅದುರಿತು. ಆದರೆ ಕೆಲಸದ ಮೇಲಿದ್ದ ಹುಡುಗಿ, ನಗಲಿಲ್ಲ.

“ಸರ್, ಇದು ರೂಪಾಯಿ ಅಲ್ಲ. ರುಪಿಯಾ. ಇಂಡೋನೇಷಿಯಾದ್ದು. ಅವರ ಇನ್ನೂರು ಸೇರಿದರೆ ನಮ್ಮ ಒಂದು ರೂಪಾಯಿ.”

ಮೆಣಸಿನಕಾಯಿ ವ್ಯಾಪಾರಿಗೆ ಭಾಗಾಕಾರ ಹೇಳಿಕೊಡಬೇಕಾಗಿಲ್ಲ. ಚನ್ನಪ್ಪನ ತಲೆಯಲ್ಲಿ ಹನ್ನೊಂದು ಲಕ್ಷದ ಐದು ಸಾವಿರ ಕುಸಿದು ಐದೂವರೆ ಸಾವಿರವಾಯಿತು. ಅದರ ಹಿಂದೆಯೇ ಇನ್ನೊಂದು ಲೆಕ್ಕ ತಾನಾಗಿ ಆಗಿಹೋಯಿತು. ಮೂವತ್ತೆಂಟು ಸಾವಿರ ಭಾಗಿಸು ಇನ್ನೂರು. ನೂರಾ ತೊಂಬತ್ತು.

“ಊಟದ ಮನೀ,” ಎಂದ ಅವನು ಮೆಲ್ಲಗೆ. “ನಮ್ಮವ್ವ ಉಣ್ಣಾಕ ಕೂತಿದ್ಲು.”

ರುದ್ರಪ್ಪ ಗೋಡೆಯ ಮೇಲಿದ್ದ ಬಡ್ಡಿ ದರದ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

“ತಿರುಗಿ ಚಾಲೂ ಮಾಡ್ರಿ!”

“ಬಂದ್ ಮಾಡಿದ ಕಾರ್ಡು ಚಾಲೂ ಆಗುವುದಿಲ್ಲ ಸರ್. ಚಿಂತೆ ಬೇಡ, ಆಜಿಯವರ ಹತ್ತಿರ ಎರಡನೆಯದು ಇದೆಯಲ್ಲ, ಅದು ನಡೆಯುತ್ತದೆ.”

ಚನ್ನಪ್ಪ ಜೇಬಿನಿಂದ ಎರಡನೆಯದನ್ನು ತೆಗೆದು ಮೇಜಿನ ಮೇಲಿಟ್ಟ. ಚಾರುಲತಾ ಈಗಲೂ ನಗಲಿಲ್ಲ, ಆದರೆ ನೀರು ಕುಡಿದು ಬರುತ್ತೇನೆಂದು ಒಳಗೆ ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ.

ಆ ಮೇಲಿನ ದಿನಗಳನ್ನು ಚನ್ನಪ್ಪ ಹೇಗೆ ಕಳೆದನೆಂದು ಕೀರ್ತಿಗೆ ಮಾತ್ರ ಗೊತ್ತು. ಸೀತಾಬರ್ಡಿಯ ಕಚೇರಿಗೆ ಹೋಗಿ ಐದು ಸಾವಿರ ಕಟ್ಟಿ, ತಾಯಿಗೆ ಕೊಡಿಸಿರೆಂದು ಬೇಡಿಕೊಂಡ. ಅವರು ಹೂಂ ಅಂದರು, ಮ್ಯಾನೇಜರನ ಫೋನ್ ಮುಂಬೈಗೆ ಬಂದಿಳಿಯುವವರೆಗೂ ಹತ್ತಲಿಲ್ಲ. ಹೋಟೆಲಿಗೆ ಮಾಡಿದರೆ ಅಲ್ಲಿಯವರ ಇಂಗ್ಲಿಷು ಇಲ್ಲಿಯವರಿಗೆ, ಇಲ್ಲಿಯವರದು ಅಲ್ಲಿಯವರಿಗೆ ತಿಳಿಯಲಿಲ್ಲ. ಮನೆಯಲ್ಲಿ ತಾಟಿನ ಮುಂದೆ ಕೂತವನು ಅರ್ಧಕ್ಕೇ ಎದ್ದುಬಿಡುತ್ತಿದ್ದ. ಮೂವತ್ತು ವರ್ಷ ತಾನು ಉಂಡ ಮೇಲೆ ಉಂಡ ತಾಯಿ, ಎಲ್ಲಿಯೋ ಸಮುದ್ರದ ಆಚೆ, ಕೈಯಲ್ಲಿ ಸತ್ತ ಕಾರ್ಡು ಹಿಡಿದು ನಿಂತದ್ದು ಕಣ್ಣಿಗೆ ಕಟ್ಟುತ್ತಿತ್ತು. ರುದ್ರಪ್ಪನಿಗೆ ಕೋರಾಡಿಯಲ್ಲಿ ತುರ್ತು ಕೆಲಸ ಬಂದಿತ್ತು.

ಮುಂಬೈಯಿಂದ ರೈಲು ನಾಗಪುರಕ್ಕೆ ಬಂದ ಬೆಳಿಗ್ಗೆ ಚನ್ನಪ್ಪ ಒಂದು ತಾಸು ಮೊದಲೇ ಪ್ಲಾಟ್‌ಫಾರ್ಮಿನಲ್ಲಿದ್ದ. ಜಯವ್ವ ಇಳಿದಳು. ಬಗಲಲ್ಲಿ ಛತ್ರಿ, ಮುಖ ಮಾತ್ರ ಕೆಂಡ.

“ಯವ್ವಾ, ಆರಾಮಿದ್ದೀಯಾ?”

“ನಿನ್ನ ಬ್ಯಾಂಕಿನವರ ಹೆಣಾ ಎತ್ತಲಿ,” ಎಂದಳು ಜಯವ್ವ. “ಉಂಡ ಮ್ಯಾಲ ಕಾರ್ಡ್ ಕೊಟ್ಟೆ. ಆ ಊಟದ ಮನೀ ಮುದುಕಿ ಒಮ್ಮಿ ತಿಕ್ಕಿದ್ಲು, ಎರಡ ಸಲಾ ತಿಕ್ಕಿದ್ಲು, ಸೆರಗಿಲೆ ಒರಿಸಿ ತಿಕ್ಕಿದ್ಲು. ಇಲ್ಲ ಅಂತು ಮಿಷಿನ್ನು. ಹದಿನಾಲ್ಕ್ ಮಂದಿ ನನ್ನ ನೋಡಾಕತ್ತಿದ್ರು. ಕಡೀಕ ಎಣ್ಣಿ ವ್ಯಾಪಾರಿ ಹೆಂಡ್ತಿ ಕೊಟ್ಲು. ಅಲ್ಲಿಂದ ದಿನಾ ಪಾಳಿ ಹಚ್ಚಿ ನನಗ ಊಟಾ ಕೊಡಸ್ಯಾರಲ್ಲೋ! ಒಬ್ಬರ ಕಡಿಂದ ಒಂದ್ ಕಪ್ ಚಹಾ ಪುಕ್ಕಟೆ ಕುಡದಾಕಿ ಅಲ್ಲ ನಾನು.” ಪುಕ್ಕಟೆ ಪ್ರವಾಸ ಕಂಪನಿಯದು, ಪುಕ್ಕಟೆ ಊಟ ನೆರೆಯವರದು, ಈ ವ್ಯತ್ಯಾಸ ಇತವಾರಿಯವರಿಗೆ ತಿಳಿಯುತ್ತದೆ. “ಯಾವ ಭಾಡ್ಯಾ ಬಂದ್ ಮಾಡಿದ ಅಂತ ನಾ ಕೇಳಬೇಕು.”

ಚನ್ನಪ್ಪ ಹೇಳಬೇಕೆಂದು ಬಾಯಿ ತೆರೆದ. ಭಾಡ್ಯಾ ಎಂಬ ಬೈಗುಳ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಬಾಯಿ ಮುಚ್ಚಿದ.

ಮನೆಗೆ ಬಂದು ಜಯವ್ವ ಗಂಟು ಬಿಚ್ಚಿದಳು. ನಾಲ್ಕು ಲಕ್ಷ ಇಪ್ಪತ್ತು ಸಾವಿರದ್ದು ಮೇಣದ ಚಿತ್ತಾರದ ಏಳು ಹತ್ತಿಯ ಶಲ್ಯಗಳು. ನಾಲ್ಕು ಲಕ್ಷ ಹತ್ತು ಸಾವಿರದ್ದು ಮೊಮ್ಮಕ್ಕಳಿಗೆ ಬೆಳ್ಳಿಯ ಉಂಗುರಗಳು, ಲೀಲಾಳ ಹೆಣ್ಣುಮಕ್ಕಳಿಗೂ ಸೇರಿ. ಸ್ಪಾದ ಬಗ್ಗೆ ಕೀರ್ತಿ ಕೇಳಿದಾಗ ಮಾತ್ರ “ಕಾಲು ನೋಯಾಕತ್ತಿದ್ವು” ಎಂದು ಆಚೆ ನೋಡಿದಳು.

ಊಟ ಮುಗಿಸಿದವಳೇ ಬ್ಯಾಂಕಿಗೆ ನಡೆದಳು. ಚನ್ನಪ್ಪ “ಹೋಗ್ಲಿ ಬಿಡು ಯವ್ವಾ” ಎನ್ನುತ್ತ ಹಿಂದೆ ಓಡಿದ.

“ಗ್ರಾಹಕರೇ ಫೋನ್ ಮಾಡಿ ಬಂದ್ ಮಾಡಿಸಿದ್ದಾರೆ,” ಎಂದು ಚಾರುಲತಾ ದಾಖಲೆ ಓದಿದಳು, ಚನ್ನಪ್ಪನ ಕಡೆ ಒಂದು ಸಲ ನೋಡಿ.

“ಗ್ರಾಹಕ್ ಮೈಂ ಹೂಂ!” ಎಂದು ಜಯವ್ವ ಗುಡುಗಿದಳು. “ಮೈಂ ಕಬ್ ಫೋನ್ ಕಿಯಾ? ಮೈಂ ಉಧರ್ ಚಾವಲ್ ಖಾತೀ ಬೈಠೀ ಥೀ!”

ಆ ದಿನದಿಂದ ಮೂರು ದಿನ ಜಯವ್ವ ಬ್ಯಾಂಕು ತೆರೆಯುವ ಹೊತ್ತಿಗೆ ಹೋಗಿ ಮ್ಯಾನೇಜರನ ಎದುರು ಕುರ್ಚಿಯಲ್ಲಿ ಕೂತಳು. ಬೈಯಲಿಲ್ಲ. ಬಂದ ಗಿರಾಕಿಗಳಿಗೆಲ್ಲ ತನ್ನ ಕಥೆ ಹೇಳಿದಳು. ಮನೆಯಲ್ಲಿ ಕೀರ್ತಿ ಗಂಡನಿಗೆ ದಿನಾ ಒಂದೇ ಪ್ರಶ್ನೆ ಕೇಳಿದಳು: “ನೀವ ಹೇಳ್ತೀರೋ, ನಾ ಹೇಳ್ಲೋ?” ಚನ್ನಪ್ಪ ದಿನಾ ನಾಳೆ ಎಂದ. ಮೂರನೆಯ ದಿನ ಮ್ಯಾನೇಜರು ಸೋತು, ಮುಂಬೈಯಿಂದ ಆ ಫೋನಿನ ಧ್ವನಿಮುದ್ರಿಕೆಯನ್ನೇ ತರಿಸಿ ತನ್ನ ಕಂಪ್ಯೂಟರಿನಲ್ಲಿ ಹಾಕಿದ. ಅರ್ಧ ಬ್ಯಾಂಕು ಬಾಗಿಲಲ್ಲಿ ಸೇರಿತ್ತು. ಚನ್ನಪ್ಪ ಕಂಬದ ಹಿಂದೆ ನಿಂತಿದ್ದ.

“ಹಲೋ ಬೇಟಾ, ಮೈಂ ಜಯವ್ವಾ ಬೋಲ್ತೀ,” ಎಂದಿತು ಯಂತ್ರ.

“ಯಾವಾಕಿ ಈಕಿ?” ಎಂದು ಜಯವ್ವ ಮುಂದೆ ಬಾಗಿದಳು. “ಏನ್ ಕೆಟ್ಟ ದನಿ ಅದ! ಕತ್ತೀ ಹಂಗ ಒದರತಾಳ.”

ಯಲ್ಲಮ್ಮ ಎಂಬ ಹೆಸರು ಬಂತು. ಜಯವ್ವನ ಹುಬ್ಬು ಗಂಟಾಯಿತು. ಬಾಲೀ ಮೇಂ ಎಂದಿತು. ಆಗ ಹಿಂದಿನಿಂದ ದೊಡ್ಡ ದನಿಯಲ್ಲಿ, “ಬಾಜೂ ವ್ಹಾ! ಮಿರ್ಚೀ ಆಲೀ, ಮಿರ್ಚೀ!”

ಜಯವ್ವ ನೆಟ್ಟಗೆ ಕೂತಳು.

“ನಮ್ಮ ಶಾಮ ಬಾಲಿಗೆ ಯಾವಾಗ ಬಂದಿದ್ದ?”

ಯಂತ್ರ ಐದು ಸಲ ಸೀನಿತು. ಮೇರಾ ಲಡ್ಕಾ ಗರೀಬ್ ಹೈ, ಬಹುತ್ ಸೀದಾ ಹೈ ಎಂದು ಬಡಪಾಯಿ ಮಗನಿಗಾಗಿ ಅತ್ತಿತು. ಜಯವ್ವ ಕೊನೆಯವರೆಗೂ ಕೇಳಿದಳು. ಎದ್ದಳು. “ಮಾಫ್ ಕರ್ನಾ ಸಾಬ್, ಘರ್ ಕಾ ಮಾಮ್ಲಾ ಹೈ,” ಎಂದು ಮ್ಯಾನೇಜರಿಗೆ ಕೈಮುಗಿದು, ಕಂಬದ ಹಿಂದೆ ನೋಡದೆ ಹೊರಗೆ ನಡೆದಳು.

ಗಾಂಧಿಬಾಗಿನಿಂದ ಇತವಾರಿಗೆ ನಡೆಯುವ ದಾರಿಯಲ್ಲಿ ಚನ್ನಪ್ಪ ಹಿಂದಿನಿಂದ ಎಲ್ಲವನ್ನೂ ಒಪ್ಪಿಕೊಂಡ. ಮೆಸೇಜು, ಮಾವ, ರುಪಿಯಾ, ಟವೆಲು, ಯಾವುದನ್ನೂ ಬಿಡಲಿಲ್ಲ. “ತಪ್ಪಾತು ಯವ್ವಾ. ನಿನ್ನ ಮಂದಿ ಮುಂದ ಕೈ ಚಾಚೂ ಹಂಗ ಮಾಡಿದೆ. ಬೈಯಿ ನನಗ. ಹೊಡೀ ಬೇಕಾದ್ರ.”

ಜಯವ್ವ ಹಿಂದೆ ನೋಡದೆ ಚೌಕು ದಾಟಿದಳು. ಆಮೇಲೆ ಕೇಳಿದಳು. “ಎಷ್ಟ ಅನಕೊಂಡಿದ್ದಿ?”

“ಹನ್ನೊಂದ್ ಲಕ್ಷ.”

ಜಯವ್ವ ನಡುರಸ್ತೆಯಲ್ಲಿ ನಿಂತಳು. ಹಿಂದಿನ ಕೈಗಾಡಿಗಳೂ ನಿಂತವು. “ನಾನು? ಹನ್ನೊಂದ್ ಲಕ್ಷ? ಒಂದ ದಿನದಾಗ?”

“ಹೂಂ.”

“ಮಂದಿ ನಂಬಿದ್ರೇನು?”

“ಇಡೀ ಇತವಾರಿ ನಂಬೇತಿ. ಕಾಶಿಬಾಯಿ ನೀ ಗಿರಣೀ ಖರೀದಿ ಮಾಡೀಯಂದ್ಲು.”

ಜಯವ್ವ ಮತ್ತೆ ನಡೆದಳು, ಸ್ವಲ್ಪ ನಿಧಾನವಾಗಿ. ಓಣಿ ಬಂತು. ಆಕೆಯನ್ನು ಕಂಡು ಬೇಳೆ ಅಂಗಡಿಯವನು ಗಾದಿಯಿಂದ ಎದ್ದು ನಿಂತ. ಪಕ್ಕದ ಸಕ್ಕರೆಯವನೂ ಎದ್ದ. ಗಂಡ ಸತ್ತ ಮೇಲೆ ಮೂವತ್ತು ವರ್ಷ ಈ ಓಣಿಯಲ್ಲಿ ಓಡಾಡಿದ ಜಯವ್ವನನ್ನು ಕಂಡು ಯಾರೂ ಎದ್ದದ್ದು ಚನ್ನಪ್ಪನಿಗೆ ನೆನಪಿಲ್ಲ; ತಕ್ಕಡಿ ಸರಿ ಮಾಡಿಕೊಂಡದ್ದು ಮಾತ್ರ ನೆನಪಿದೆ.

“ಇವತ್ತ ಎಲ್ಲಾರ್ಗೂ ಹೇಳಿಬಿಡ್ತೇನಿ ಯವ್ವಾ,” ಎಂದ ಅವನು, “ಐದೂವರಿ ಸಾವಿರ ಅಷ್ಟ ಅಂತ.”

“ಹೇಳಿದ್ರ ನಾಲಿಗಿ ಕಿತ್ತ ಕೈಯಾಗ ಕೊಡ್ತೇನಿ,” ಎಂದಳು ಜಯವ್ವ, ಮುಖ ತಿರುಗಿಸದೆ. “ಸುಮ್ನ ನಡೀ.”

ಅಷ್ಟರಲ್ಲಿ ನಲವತ್ತು ಚೀಲದ ದಲ್ಲಾಳಿ ಎದುರಾದ. ಟೋಪಿ ತೆಗೆದು, ನಡು ಬಗ್ಗಿಸಿ, ಕೇಳಬೇಕೋ ಬೇಡವೋ ಎಂದು ತಡವರಿಸಿ, ಕೊನೆಗೆ ಮೆಲ್ಲಗೆ ಕೇಳಿಯೇಬಿಟ್ಟ: ಆಜೀ, ಅಕರಾ ಲಾಖ್ ಖರ್ಚಾಯಿತಂತೆ, ಹನ್ನೊಂದು ಲಕ್ಷ, ನಿಜವೇ?

ಜಯವ್ವ ಸೆರಗು ಸರಿಪಡಿಸಿಕೊಂಡಳು.

“ಅಕರಾ ನಾಹೀ,” ಎಂದಳು. “ಬಾರಾ.”